ಮೈಸೂರಿನ ಆನೆಗೆ ಹಿಮದ ನಾಡಿನ ನಂಟರು

ಮೈಸೂರಿಗೆ ಬಂದವರು ಅರಮನೆ, ಚಾಮುಂಡಿಬೆಟ್ಟಗಳನ್ನು ನೋಡಿದ ಮೇಲೆ ಮಕ್ಕಳ ಹಟಕ್ಕೆ ಕಟ್ಟುಬಿದ್ದು ಮೃಗಾಲಯಕ್ಕೆ ಹೋಗುವುದು ವಾಡಿಕೆ. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಈ ತೋಟದಲ್ಲಿ ನಮ್ಮ ನಾಡಿನ ಆನೆಗಳೊಡನೆ ಆಫ್ರಿಕದ ಆನೆಗಳನ್ನೂ ಸಾಕಿಕೊಂಡು ಬಂದಿದ್ದಾರೆ. ಮೊರವನ್ನೂ ನಾಚಿಸುವ ಕಿವಿ, ನಡುವೆ ತಗ್ಗಿದ ಬೆನ್ನು ಆಫ್ರಿಕದ್ದು. ಕಿರಿಗಿವಿ, ಉಬ್ಬಿದ ಬೆನ್ನು, ಎರಡು ಗುಬುಟಿನ ನೆತ್ತಿ ನಮ್ಮದು. ಇವೆರಡೂ ಒಡಹುಟ್ಟಿದವೆಂದು ಯಾರಾದರೂ ಹೇಳಿಯಾರು. ಆದರೆ ನಮ್ಮ ಆನೆಯ ಅತಿ ಹತ್ತಿರದ ನಂಟ ಇಂದು ಭೂಮಿಯ ಮೇಲಿಲ್ಲ. ಅದು ಅಳಿದುಹೋದ ಮ್ಯಾಮತ್. ಹಿಮದಲ್ಲಿ ಕೆಡದೆ ಉಳಿದ ದೇಹಗಳ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದವರು 2006ರಲ್ಲಿ ಇದನ್ನು ತೋರಿಸಿಕೊಟ್ಟರು.

ಹಿಮಕ್ಕೆ ಹೆಸರಾದ ಈ ಪ್ರಾಣಿಯ ತವರು ಬಿಸಿಲಿನ ಆಫ್ರಿಕವೆಂಬುದೇ ಸೋಜಿಗ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಲ್ಲಿಯೇ ನಮ್ಮ ಆನೆಯ ಕವಲೂ ಮ್ಯಾಮತ್ತಿನ ಕವಲೂ ಬೇರ್ಪಟ್ಟವು. ಮ್ಯಾಮತ್‌ಗಳಲ್ಲಿ ಮೊದಲನೆಯದೆಂದು ಬಹುಮಂದಿ ಎಣಿಸುವ ಜಾತಿಯ ಹಲ್ಲು ದಕ್ಷಿಣ ಆಫ್ರಿಕದ ವಾಲ್ ನದಿಯ ಜಲ್ಲಿಯಲ್ಲಿ ದೊರೆಯಿತು. 1928ರಲ್ಲಿ ಆಸ್‌ಬರ್ನ್ ಎಂಬ ವಿದ್ವಾಂಸ ಅದಕ್ಕಿಟ್ಟ ಹೆಸರು ‘ಸಬ್‌ಪ್ಲಾನಿಫ್ರಾನ್ಸ್’. ನಾಲಗೆ ತೊಡರುವ ಈ ಹೆಸರಿನೊಳಗೆ ನಮ್ಮ ದೇಶವೂ ಅಡಗಿದೆ: ಶಿವಾಲಿಕ ಬೆಟ್ಟಗಳಲ್ಲಿ ದೊರೆತ ಪುರಾತನ ಆನೆಯೊಂದಕ್ಕೆ ಫಾಲ್ಕನರ್, ಕಾಟ್ಲಿ ಎಂಬಿಬ್ಬರು ‘ಪ್ಲಾನಿಫ್ರಾನ್ಸ್’, ಎಂದರೆ ಚಪ್ಪಟೆಹಣೆಯದು, ಎಂದು ಮೊದಲೇ ಹೆಸರಿಟ್ಟಿದ್ದರು.

ವಂಶದ ಚರಿತ್ರೆಯೆಲ್ಲ ಹಲ್ಲಿನಲ್ಲಿದೆ. ಆನೆಯ ದವಡೆಹಲ್ಲೆಂದರೆ ಫಲಕಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ಒಂದು ಬೀಸುವ ಕಲ್ಲು. 750 ಕಿಲೋಗ್ರಾಂ ತೂಕದ ಅಂಬಾರಿಯನ್ನು 2020ರ ದಸರೆಯಲ್ಲಿ ಮೊದಲ ಬಾರಿ ಹೊತ್ತ ಅಭಿಮನ್ಯುವಿನ ಬಾಯಲ್ಲಿರುವುದೂ ಇಂಥದೇ. ಆದಿ ಮ್ಯಾಮತ್ತಿಗೆ ಈ ಫಲಕಗಳು ಕೆಲವೇ, ಅವೂ ದಪ್ಪ. ಸಂತತಿ ಆಫ್ರಿಕವನ್ನು ಬಿಟ್ಟು ಯೂರೋಪು, ಏಷ್ಯಗಳಿಗೆ ನಡೆದು ಬಯಲಿನ ಒರಟು ಹುಲ್ಲನ್ನೇ ನಂಬಿದಂತೆ ಫಲಕಗಳು ತೆಳುವಾಗುತ್ತ, ಹೆಚ್ಚುತ್ತ, ತುಪ್ಪಳದ ಮ್ಯಾಮತ್ತಿನಲ್ಲಿ 26ರವರೆಗೂ ಏರಿದವು. ಸೈಬೀರಿಯದ 10 ಲಕ್ಷ ವರ್ಷಗಳಿಗೂ ಹಿಂದಿನ ಹಲ್ಲಿನ ಡಿ.ಎನ್.ಎ.ಯನ್ನು 2021ರಲ್ಲಿ ಓದಿದಾಗ, ಚಳಿಯನ್ನು ತಾಳುವ ಗುಣಗಳಲ್ಲಿ ಅನೇಕವು ಅಷ್ಟು ಹಿಂದೆಯೇ ಬಂದಿದ್ದುವೆಂದು ತಿಳಿಯಿತು.

ಕಡೆಯ ಮ್ಯಾಮತ್‌ಗಳು ಸುಮಾರು 4,000 ವರ್ಷಗಳ ಹಿಂದೆ ರಾಂಗೆಲ್ ದ್ವೀಪದಲ್ಲಿ ಅಳಿದವು. ಕಡಲೇರಿ ದಾರಿ ಕಡಿದುಹೋಗಿ, ಚಿಕ್ಕ ಹಿಂಡು ತನ್ನೊಳಗೇ ಕೂಡಿ ಬೆಳೆದು, ದೋಷಗಳು ರಕ್ತದಲ್ಲಿ ಸೇರುತ್ತ ಬಂದಿದ್ದವು. 2023ರ ಅಂದಾಜಿನಂತೆ ನಮ್ಮ ರಾಜ್ಯದಲ್ಲಿ 6,395 ಆನೆಗಳುಂಟು. ಆದರೆ ಮೈಸೂರಿನಿಂದ ನಾಗರಹೊಳೆಯತ್ತ ಹೋಗುವವರು ಕಾಡಿನಂಚಿನ ಹೊಲ, ಕಂದಕ, ರೈಲುಹಳಿಯ ಬೇಲಿಗಳನ್ನು ಕಂಡಾಗ ಆ ದ್ವೀಪವನ್ನು ನೆನೆಯದಿರಲಾರರು. ಬೆಳೆ ಕಳೆದುಕೊಂಡ ರೈತನನ್ನು ದೂರುವುದೂ ಸಲ್ಲದು.

ಅಂದ ಹಾಗೆ, ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ದಿನಗಳಲ್ಲಿ ಹೋದವರು ಆನೆ ಹುಲ್ಲು ಮೇಯುವ ಹೊತ್ತಿಗೆ ಕಾದು ನಿಂತು, ದವಡೆ ಹಿಂದುಮುಂದಾಗಿ ಆಡುವುದನ್ನು ಮಕ್ಕಳಿಗೆ ತೋರಿಸಬಹುದು.