ಮುಚ್ಚಳ ತೆಗೆದು ನೋಡಿದರೆ ಡೀಸೆಲ್ ಇತ್ತು

ಪೂರ್ತಿ ಕೆಟ್ಟು ನಿಂತ ಇಂಜಿನ್ನಿನ ಮುಂದೆ ಯಾರೂ ಜಗಳವಾಡುವುದಿಲ್ಲ. ಬಿಚ್ಚುತ್ತಾರೆ, ಮುರಿದದ್ದು ಕಾಣುತ್ತದೆ, ಬದಲಿಸುತ್ತಾರೆ. ಜಗಳ ಹುಟ್ಟುವುದು ಒಮ್ಮೆ ಓಡಿ ಒಮ್ಮೆ ನಿಲ್ಲುವ ಇಂಜಿನ್ನಿನಿಂದ. ದೋಷ ಕೈಗೆ ಸಿಗದಿದ್ದಾಗ ಜನ ದೋಷಿಯನ್ನು ಹುಡುಕತೊಡಗುತ್ತಾರೆ.

ನಮ್ಮ ಸೋದರಮಾವನ ಹೊಲ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಕಬ್ಬು ಹಾಕಿದ್ದಾನೆ. ತ್ರೀ ಫೇಸ್ ಕರೆಂಟ್ ಇದ್ದಾಗ ಮೋಟರ್, ಇಲ್ಲದಾಗ 5 ಎಚ್‌ಪಿಯ ಹಳೆಯ ಡೀಸೆಲ್ ಇಂಜಿನ್. ನಾನು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿರುವುದರಿಂದ ರಜೆ ಸಿಕ್ಕಾಗ ಅಲ್ಲಿಗೆ ಹೋಗುತ್ತೇನೆ. ಕಳೆದ ಬೇಸಿಗೆಯಲ್ಲಿ ಹೋದಾಗಲೆಲ್ಲ ಮನೆಯಲ್ಲಿ ಒಂದೇ ಮಾತು: ಇಂಜಿನ್ ನಡುವೆಯೇ ನಿಲ್ಲುತ್ತದೆ.

ನಿಂತಾಗ ಎಲ್ಲರೂ ಮೊದಲು ಮಾಡುತ್ತಿದ್ದ ಕೆಲಸ ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡುವುದು. ಇರುತ್ತಿತ್ತು. ಹ್ಯಾಂಡಲ್ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಮೆಕ್ಯಾನಿಕ್ ಬಂದಾಗ ಓಡುತ್ತಿತ್ತು, ಹೋದ ಮೇಲೆ ನಿಲ್ಲುತ್ತಿತ್ತು. ಒಂದೇ ದಿನ ಫಿಲ್ಟರ್, ನಾಝಲ್ ಬದಲಿಸಿ, ಟ್ಯಾಂಕನ್ನೂ ತೊಳೆದರು. ಅಂದು ಚೆನ್ನಾಗಿ ಓಡಿತು. ಮರುದಿನ ಟ್ಯಾಂಕ್ ತುಂಬಿಸಿದರೆ 10 ನಿಮಿಷಕ್ಕೇ ನಿಂತಿತು.

ತುಂಬಿಸಿದ ದಿನವೇ ಬೇಗ ನಿಲ್ಲುವುದನ್ನು ಮಾವ ಗಮನಿಸಿದ್ದ. ಅದರಿಂದ ಅವನು ತೆಗೆದ ಅರ್ಥವೂ ಸಹಜವಾಗಿಯೇ ಇತ್ತು: ಹೊಸದಾಗಿ ತಂದ ಡೀಸೆಲ್ ಸರಿಯಿಲ್ಲ. ಕ್ಯಾನ್ ಹಿಡಿದು ಬಂಕಿಗೆ ಹೋಗಿ ಡೀಸೆಲ್ ತರುತ್ತಿದ್ದವನು ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಹುಡುಗ. ಅರ್ಧ ಮಾರಿ ಸೀಮೆಎಣ್ಣೆ ಬೆರೆಸುತ್ತಾನೆ ಎಂದು ಒಬ್ಬರು ಅಂದರು, ಇನ್ನೊಬ್ಬರು ಹೌದೆಂದರು. ಆತ ವಾದಿಸಲಿಲ್ಲ. ಆ ವಾರದ ಪಗಾರ ತೆಗೆದುಕೊಂಡು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ. ಮುಂದೆ ಮಾವನೇ ಡೀಸೆಲ್ ತಂದ. ಇಂಜಿನ್ ಆಗಲೂ ನಿಂತಿತು.

ಕೊನೆಗೆ ಜೇವರ್ಗಿಯಿಂದ ವಯಸ್ಸಾದ ಮಿಸ್ತ್ರಿಯೊಬ್ಬರು ಬಂದರು. ಪಾನಾ ಮುಟ್ಟುವ ಮೊದಲು ಕೇಳಿದರು: "ಗಪ್ಪನೆ ನಿಲ್ತದೋ, ತೇಕ್ಕೋತ ತೇಕ್ಕೋತ ನಿಲ್ತದೋ?" ತೇಕುತ್ತಾ, ಎಂದ ಮಾವ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ವೇಗ ಏರಿಳಿದು ನಿಧಾನವಾಗಿ ಸಾಯುವ ಇಂಜಿನ್ ಬಹುಮಟ್ಟಿಗೆ ಎಣ್ಣೆ ಸಾಲದೆ ಸಾಯುತ್ತದೆ. ಅವರು ಟ್ಯಾಂಕಿನ ಪೈಪ್ ಬಿಡಿಸಿ, ಮೇಲೆ ಕಟ್ಟಿದ ತೆರೆದ ಬಾಟಲಿಯಿಂದ ಅದೇ ಡೀಸೆಲ್ ಕೊಟ್ಟರು. ಬಾಟಲಿ ಖಾಲಿಯಾದಂತೆ ತುಂಬಿಸುತ್ತಾ 2 ಗಂಟೆ ಓಡಿಸಿದರು. ನಿಲ್ಲಲಿಲ್ಲ. ಅಲ್ಲಿಗೆ ಇಂಜಿನ್ನೂ ಡೀಸೆಲ್ಲೂ ನಿರ್ದೋಷಿಗಳಾದವು. ಆ ಹುಡುಗನೂ ಆದ. ಉಳಿದದ್ದು ಟ್ಯಾಂಕ್ ಮತ್ತು ಪೈಪ್.

ಪೈಪನ್ನು ಮತ್ತೆ ಟ್ಯಾಂಕಿಗೇ ಜೋಡಿಸಿ, ಟ್ಯಾಂಕ್ ತುಂಬಿಸಿ ಓಡಿಸಿದರು. "ನಿಂತ ಮ್ಯಾಲ ಮುಚ್ಚಳ ಯಾರೂ ತೆಗಿಬ್ಯಾಡ್ರಿ" ಎಂದರು. ನಿಂತಿತು. ಹ್ಯಾಂಡಲ್ ತಿರುಗಿಸಿದರೂ ಏಳಲಿಲ್ಲ. ಆಮೇಲೆ ಕಿವಿ ಹತ್ತಿರ ತಂದು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರು. ಸುಸ್ ಎಂದು ಟ್ಯಾಂಕ್ ಗಾಳಿ ಎಳೆದುಕೊಂಡಿತು.

ಇಂಥ ಇಂಜಿನ್ನಿನಲ್ಲಿ ಎಣ್ಣೆ ಮೇಲಿನ ಟ್ಯಾಂಕಿನಿಂದ ತನ್ನ ಭಾರಕ್ಕೇ ಇಳಿಯುತ್ತದೆ. ಇಳಿದಷ್ಟು ಜಾಗಕ್ಕೆ ಗಾಳಿ ಒಳಬರಲೆಂದು ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಇಳಿದಿತ್ತೆಂದು ಮಾವ ಟ್ರ್ಯಾಕ್ಟರ್ ಟ್ಯೂಬಿನ ತುಂಡನ್ನು ದುಂಡಗೆ ಕತ್ತರಿಸಿ ಮುಚ್ಚಳದೊಳಗೆ ಕೂರಿಸಿದ್ದ. ನೀರು ನಿಂತಿತು, ಗಾಳಿಯೂ ನಿಂತಿತು. ಟ್ಯಾಂಕ್ ತುಂಬಿದ್ದಾಗ ಒಳಗಿನ ಗಾಳಿ ಕಡಿಮೆ. ಸ್ವಲ್ಪ ಎಣ್ಣೆ ಇಳಿದರೂ ಒಳಗಿನ ಒತ್ತಡ ಬೇಗ ಕುಸಿದು ಹರಿವು ನಿಲ್ಲುತ್ತದೆ. ಅರ್ಧ ಖಾಲಿಯಿದ್ದರೆ ಗಾಳಿ ಹೆಚ್ಚು, ಓಟವೂ ಹೆಚ್ಚು. ಟ್ಯಾಂಕ್ ತೊಳೆದ ದಿನ ಚೆನ್ನಾಗಿ ಓಡಿದ್ದಕ್ಕೂ ಇದೇ ಕಾರಣ. ಅಂದು ಹಾಕಿದ್ದೇ ಸ್ವಲ್ಪ ಡೀಸೆಲ್. ಪ್ರತಿ ಸಲ ಮುಚ್ಚಳ ತೆಗೆದು ನೋಡಿದವರು, ನೋಡುವ ಮೂಲಕವೇ ದೋಷವನ್ನು ಅಳಿಸಿಬಿಡುತ್ತಿದ್ದರು.

ಹಾಯಿದೋಣಿಯಲ್ಲಿ ಸಮುದ್ರ ಸುತ್ತುವವರಿಗೂ ಈ ಕಾಟ ಚೆನ್ನಾಗಿ ಗೊತ್ತು. ಗಾಳಿ ಬಿದ್ದಾಗ, ಬಂದರು ಹೊಗುವಾಗ ಅವರಿಗೂ ಡೀಸೆಲ್ ಇಂಜಿನ್ನೇ ಗತಿ. ಅಲ್ಲಿ ಗಾಳಿತೂತಿಗೆ ಉಪ್ಪು ಕಟ್ಟುತ್ತದೆ, ಇಲ್ಲವೇ ಹುಳ ಗೂಡು ಮಾಡುತ್ತದೆ. ಟ್ಯಾಂಕಿನ ತಳದ ಕೊಳೆ ಅಲೆಗೆ ಎದ್ದು ಫಿಲ್ಟರ್ ಕಟ್ಟುತ್ತದೆ, ಬಂದರಿನ ನಿಶ್ಚಲ ನೀರಿನಲ್ಲಿ ಮತ್ತೆ ತಳ ಸೇರುತ್ತದೆ. ಟ್ಯಾಂಕ್ ಕೆಳಗಿದ್ದು ಪಂಪು ಎಣ್ಣೆಯನ್ನು ಮೇಲೆಳೆಯುವ ಕಡೆ ಸಡಿಲ ಜೋಡಣೆಯಿಂದ ಹನಿ ಎಣ್ಣೆಯೂ ಹೊರಬೀಳದೆ ಗಾಳಿ ಒಳನುಗ್ಗುತ್ತದೆ. ಅದಕ್ಕೇ ಬಲ್ಲವರು ಪಾರದರ್ಶಕ ನಳಿಕೆ ಸಿಕ್ಕಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಎಲ್ಲಿಯಾದರೂ ಉಪಾಯ ಒಂದೇ: ನಿಂತ ಸ್ಥಿತಿಯನ್ನು ಕೆಡಿಸದೆ ನೋಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮಿಸ್ತ್ರಿ ರಬ್ಬರಿನ ನಡುವೆ ಮೊಳೆ ಕಾಸಿ ತೂತು ಹಾಕಿದರು. ಮೇಲೆ ಮಳೆ ಬೀಳದಂತೆ ಒಂದು ಡಬ್ಬಿ ಬೋರಲು ಹಾಕಿ ಎಂದರು. ಕೂಲಿಯೆಂದು ಪಡೆದದ್ದು ಬಸ್ ಚಾರ್ಜು ಮತ್ತು 200 ರೂಪಾಯಿ.

ಅಂದು ಸಂಜೆಯೇ ಮಾವ ಪುಣೆಗೆ ಫೋನ್ ಮಾಡಿದ. ಮುಚ್ಚಳದ ಕಥೆಯನ್ನೆಲ್ಲ ಹೇಳಿದ. ಆ ಕಡೆಯಿಂದ "ಇರ್ಲಿ ಬಿಡ್ರಿ, ಇಂಜಿನ್ ಸುರುವಾತಲ್ಲ" ಎಂಬ ಉತ್ತರ ಬಂತು. ಕಬ್ಬಿನ ಕಟಾವಿಗೆ ಬಾ ಎಂದದ್ದಕ್ಕೆ ನೋಡ್ತೀನಿ ಎಂದ. ಕಟಾವು ಮುಗಿದಿದೆ. ಅವನು ಬಂದಿಲ್ಲ.