ಐದು ಸುತ್ತು

ನಮ್ಮ ಮನೆತನದಲ್ಲಿ ಒಂದು ಹಳೆಯ ವ್ಯಾಜ್ಯವಿದೆ. ಹೊಲದ ಬದುವಿನದಾಗಿದ್ದರೆ ಅದು ರೋಣದ ಕೋರ್ಟಿನಲ್ಲಿ ಎಂದೋ ಇತ್ಯರ್ಥವಾಗಿರುತ್ತಿತ್ತು. ಅಥವಾ, ನಮ್ಮ ಕಡೆಯ ವ್ಯಾಜ್ಯಗಳ ಆಯುಷ್ಯ ನೋಡಿದರೆ, ಇನ್ನೂ ನಡೆದೇ ಇರುತ್ತಿತ್ತು. ಇದು ಹಾಡಿನ ವ್ಯಾಜ್ಯ. ಜೋಗಿಯಾ ರಾಗದ ‘ಪಿಯಾ ಕೆ ಮಿಲನ್ ಕಿ ಆಸ್’ ಎಂಬ ಠುಮರಿಯಲ್ಲಿ ಅಬ್ದುಲ್ ಕರೀಮ್ ಖಾನರ ತಟ್ಟೆ ಮೇಲೋ, ಭೀಮಸೇನ ಜೋಶಿಯವರ ಧ್ವನಿಮುದ್ರಿಕೆ ಮೇಲೋ? ವಾದಿ ನಮ್ಮ ಅಜ್ಜ, ನರಗುಂದದ ನಿವೃತ್ತ ಶಾಲಾ ಮಾಸ್ತರರು. ಪ್ರತಿವಾದಿ ಅವರ ಹಿರಿಯ ಮಗ, ಅಂದರೆ ನಮ್ಮ ಅಪ್ಪ. ನಾನು ಮೊದಮೊದಲು ಸಾಕ್ಷಿ. ಮುಂದೆ, ಯಾರೂ ಕರೆಯದಿದ್ದರೂ, ನ್ಯಾಯಾಧೀಶ.

ಅಜ್ಜನ ಹತ್ತಿರ ಚಾವಿ ಕೊಟ್ಟು ತಿರುಗಿಸುವ ಗ್ರಾಮಫೋನು ಇತ್ತು. ಯಾರದೋ ವಾಡೆಯ ಸಾಮಾನು ಮಾರಾಟಕ್ಕೆ ಬಂದಾಗ ಎರಡು ತಿಂಗಳ ಸಂಬಳ ಹಾಕಿ ತಂದದ್ದು. ಅದರ ಜೊತೆಗೆ ಹನ್ನೆರಡು ತಟ್ಟೆಗಳು. ಅವುಗಳಲ್ಲಿ ನಾಲ್ಕು ನಾಟಕದ ಪದಗಳವು, ಒಂದು ಒಡೆದದ್ದು. ಖಾನಸಾಹೇಬರ ಜೋಗಿಯಾದ ತಟ್ಟೆಯನ್ನು ಮಾತ್ರ ಅಜ್ಜ ಬೇರೆ ಇಟ್ಟಿದ್ದರು, ಹಳೆಯ ಧೋತರದಲ್ಲಿ ಸುತ್ತಿ, ಪೆಟ್ಟಿಗೆಯ ತಳದಲ್ಲಿ. ಸೂಜಿಯನ್ನು ಒಂದು ಸಲಕ್ಕಿಂತ ಹೆಚ್ಚು ಬಳಸುತ್ತಿರಲಿಲ್ಲ. ಮನೆಯಲ್ಲಿ ಸಕ್ಕರೆ ಎಣಿಸಿ ಹಾಕುತ್ತಿದ್ದ ಮನುಷ್ಯ ಸೂಜಿಯ ವಿಷಯದಲ್ಲಿ ಮಹಾರಾಜ.

ಅಬ್ದುಲ್ ಕರೀಮ್ ಖಾನರು ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿದವರು. ಧಾರವಾಡ, ಹುಬ್ಬಳ್ಳಿಗಳು ಅವರಿಗೆ ಪರಸ್ಥಳವಾಗಿರಲಿಲ್ಲ. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತವರು ಭೀಮಸೇನ ಜೋಶಿ. ಖಾನಸಾಹೇಬರು 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಒಂದು ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆಗ ಅಜ್ಜನಿಗೆ ಹತ್ತೊಂಬತ್ತು. ಅವರನ್ನು ಎದುರಿಗೆ ಕೂತು ಒಮ್ಮೆಯೂ ಕೇಳಲಿಲ್ಲವೆಂಬ ಕೊರಗು ಅಜ್ಜನಿಗೆ ಕೊನೆಯವರೆಗೂ ಇತ್ತು. ಅಂದಮೇಲೆ ಅಜ್ಜನ ಪಾಲಿಗೆ ಖಾನಸಾಹೇಬರೆಂದರೆ ಆ ತಟ್ಟೆಯೇ: ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ.

ಅಪ್ಪನ ಪಕ್ಷಕ್ಕೆ ಊರಿನ ಬಲವಿತ್ತು. ಭೀಮಸೇನರು ಹುಟ್ಟಿದ್ದು ನಮ್ಮ ರೋಣದಲ್ಲಿ, 1922ರ ಫೆಬ್ರುವರಿ 4ರಂದು. ಬೆಳೆದದ್ದು ಗದಗ, ಬಾಳಿದ್ದು ಪುಣೆ. ಆದರೂ ಹುಟ್ಟಿದ ಊರಿನ ಹಕ್ಕನ್ನು ರೋಣದವರು ಬಿಡುವವರಲ್ಲ. ನೌಕರಿ ಸಿಕ್ಕು ರೋಣಕ್ಕೆ ಬಂದ ಅಪ್ಪ ಒಂದೆರಡು ವರ್ಷಗಳಲ್ಲೇ ಅಪ್ಪಟ ರೋಣದವರಾದರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳಕ್ಕೆ ಹೋಗಿ, ನಾಡಗೇರ ವಾಡೆಯಲ್ಲಿ ರಾತ್ರಿಯಿಡೀ ಕುಳಿತು, ಭೀಮಸೇನರನ್ನು ಕೇಳಿ ಬಂದರು. ಆಮೇಲೆ ಟೇಪ್ ರಿಕಾರ್ಡರು ಬಂತು, ಕ್ಯಾಸೆಟ್ಟುಗಳು ಬಂದವು. ದೀಪಾವಳಿಗೆ ನಾವೆಲ್ಲ ನರಗುಂದಕ್ಕೆ ಹೋಗುವಾಗ ಅಪ್ಪನ ಚೀಲದಲ್ಲಿ ಕರದಂಟಿನ ಪೊಟ್ಟಣದ ಪಕ್ಕಕ್ಕೆ ಭೀಮಸೇನರ ಕ್ಯಾಸೆಟ್ಟು ಇರುತ್ತಿತ್ತು. ವ್ಯಾಜ್ಯದ ವಿಚಾರಣೆ ಫರಾಳದ ನಂತರ ಶುರು.

“ಭೀಮಣ್ಣ ಭಾಳ ಗಟ್ಟಿ ಹಾಡ್ತಾನ,” ಎನ್ನುವರು ಅಜ್ಜ. “ಪಿಯಾ ಕಾಶಿಗೆ ಹೋಗಿದ್ರೂ ಕೇಳಿಸಬೇಕು, ಹಂಗ.”

“ಅದು ಗಟ್ಟಿ ಅಲ್ಲಪ್ಪಾ, ದಮ್ಮು,” ಎನ್ನುವರು ಅಪ್ಪ. “ನಿಮ್ಮ ಖಾನಸಾಹೇಬ್ರು ಮೂಗಿನ್ಯಾಗ ಅಳ್ತಾರ.”

ಇಷ್ಟಾದರೆ ಅವ್ವ ಒಳಗಿನಿಂದ ಚಹಾ ಕಳಿಸುತ್ತಿದ್ದಳು.

ಎರಡನ್ನೂ ನಾನು ಎಷ್ಟು ಸಲ ಕೇಳಿದ್ದೇನೆಂಬ ಲೆಕ್ಕವಿಲ್ಲ. ಜೋಗಿಯಾ ಬೆಳಗಿನ ರಾಗ. ರಿಷಭ, ಧೈವತಗಳು ಕೋಮಲ. ಏರುವಾಗ ಗಾಂಧಾರ, ನಿಷಾದಗಳನ್ನು ದಾಟಿಕೊಂಡು ಹೋಗುತ್ತದೆ. ಹೆಸರೇ ಹೇಳುವಂತೆ ಬಿಟ್ಟುಹೋದವರ ರಾಗ. ಖಾನಸಾಹೇಬರು ಅದನ್ನು ಹಾಡುವಾಗ ಮಾತುಗಳು ಅರ್ಧ ಕರಗಿರುತ್ತವೆ. ಸ್ವರದ ಮೇಲೆ ಎಲ್ಲಿ ಬಂದು ನಿಂತರೆಂಬುದು ತಿಳಿಯುವುದಿಲ್ಲ. ನಿಂತಮೇಲೆ ಮಾತ್ರ, ತಂಬೂರಿಯೇ ಬಾಯಿ ತೆರೆಯಿತೋ ಎನ್ನಿಸುತ್ತದೆ. ದನಿ ಸಣ್ಣದು, ಎತ್ತರದ್ದು. ಕೇಳುವವರ ಕಡೆಗೆ ಅವರ ಮುಖವೇ ಇಲ್ಲ. ಭೀಮಸೇನರದು ಅದೇ ಠುಮರಿ, ಅದೇ ದಾರಿ. ಆದರೆ ಷಡ್ಜವನ್ನು ಹಿಡಿದೊಡನೆ ಕೋಣೆಯ ನಾಲ್ಕು ಗೋಡೆಗಳು ಹಿಂದಕ್ಕೆ ಸರಿದಂತಾಗುತ್ತದೆ. ಒಂದು ಮಾತನ್ನು ಎತ್ತಿ, ಉಸಿರು ಮುಗಿಯಿತೆಂದು ನಾವು ಅಂದುಕೊಂಡಲ್ಲಿಂದ ಇನ್ನೊಂದು ಮಾರು ಒಯ್ಯುತ್ತಾರೆ. ವಿರಹ ಇಬ್ಬರಲ್ಲೂ ಇದೆ. ಒಬ್ಬರದು ಬಾಗಿಲ ಒಳಗಿನದು, ಇನ್ನೊಬ್ಬರದು ಅಂಗಳದ್ದು. ಅಜ್ಜನಿಗೆ ಅಂಗಳದಲ್ಲಿ ಅಳುವುದು ಮರ್ಯಾದೆಯಲ್ಲ ಎಂದಿರಬೇಕು.

ಇಂಥ ತಗಾದೆ ನಮ್ಮ ಮನೆಯದಷ್ಟೇ ಅಲ್ಲವೆಂದು ಮುಂದೆ ತಿಳಿಯಿತು. ಪಶ್ಚಿಮದ ಸಂಗೀತಪ್ರಿಯರು ಬ್ರಾಹ್ಮ್ಸ್‌ನ ನಾಲ್ಕು ಸಿಂಫನಿಗಳನ್ನು ಹಿಡಿದು, ಟೊಸ್ಕನಿನಿಯ ವಾದ್ಯವೃಂದದ ತಟ್ಟೆ ಮೇಲೋ ಫುರ್ಟ್‌ವೆಂಗ್ಲರನದು ಮೇಲೋ ಎಂದು ಜಗಳಾಡುತ್ತಾರೆ. ಅವರಿಗೆ ಒಂದು ಅನುಕೂಲವಿದೆ: ಬ್ರಾಹ್ಮ್ಸ್ ಬರೆದಿಟ್ಟ ಸ್ವರಲಿಪಿ. ಯಾರು ಅವಸರ ಮಾಡಿದರು, ಯಾರು ಎಳೆದರು ಎಂದು ಬೆರಳಿಟ್ಟು ತೋರಿಸಬಹುದು. ನಾನು ಕಾಲೇಜಿನಲ್ಲಿ ಕಲಿಸುವುದೂ ಒಂದು ಬಗೆಯಲ್ಲಿ ಇದನ್ನೇ. ಒಂದು ಕಾವ್ಯಕ್ಕೆ ಹತ್ತು ಓಲೆಗರಿಯ ಪ್ರತಿಗಳು, ಹತ್ತರಲ್ಲೂ ಪಾಠಾಂತರ, ಅವನ್ನು ಹೋಲಿಸಿ ಕವಿ ಬರೆದದ್ದು ಯಾವುದೆಂದು ಊಹಿಸಬೇಕು. ಬೇರೆಯಾಗಿದ್ದದ್ದು ಲಿಪಿಕಾರನ ತಪ್ಪು ಎಂದು ಹಿಡಿದು ಹೊರಡುವ ವಿದ್ಯೆ ಅದು. ಠುಮರಿಗೆ ಈ ವಿದ್ಯೆ ಒಗ್ಗುವುದಿಲ್ಲ. ಅಲ್ಲಿ ಮೂಲಪ್ರತಿಯೇ ಇಲ್ಲ, ಬೇರೆಯಾಗಿರುವುದೇ ಹಾಡು. ಇದನ್ನು ಇಂದು ಹೀಗೆ ಹೇಳುತ್ತಿದ್ದೇನೆ. ಇಪ್ಪತ್ತರ ವಯಸ್ಸಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

1998ರ ದೀಪಾವಳಿ. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ವಸತಿಗೃಹದ ಗೆಳೆಯನೊಬ್ಬನ ಹತ್ತಿರ ಖಾನಸಾಹೇಬರ ಹಳೆಯ ತಟ್ಟೆಗಳನ್ನು ಇಳಿಸಿದ ಕ್ಯಾಸೆಟ್ಟು ಸಿಕ್ಕಿತ್ತು. ಅದರಲ್ಲಿ ಅದೇ ಜೋಗಿಯಾ. ಕೇಳಿದಾಗ ಏನೋ ಬೇರೆ ಎನ್ನಿಸಿತು: ದನಿ ಸ್ವಲ್ಪ ದಪ್ಪ, ನಡೆ ಸ್ವಲ್ಪ ನಿಧಾನ. ಕ್ಯಾಸೆಟ್ಟನ್ನು ಬೇಡಿ ತಂದೆ. ನರಗುಂದದಲ್ಲಿ ಪಕ್ಕದ ಮನೆಯ ಹಾರ್ಮೋನಿಯಂ ಪೆಟ್ಟಿಗೆ ತರಿಸಿ ಎರಡರ ಷಡ್ಜವನ್ನೂ ಹುಡುಕಿದೆ. ಅಜ್ಜನ ಗ್ರಾಮಫೋನು ಒಂದು ಮನೆ ಮೇಲಿತ್ತು.

ಆಮೇಲೆ ತಟ್ಟೆಯ ಮೇಲೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಎದುರಿಗಿಟ್ಟುಕೊಂಡು ಎಣಿಸಿದೆ. ನಿಮಿಷಕ್ಕೆ 78 ಸುತ್ತು ಇರಬೇಕಾದದ್ದು 83 ಇತ್ತು. ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ; ಲೆಕ್ಕ ತಾಳೆಯಾಯಿತು. ಕಾರಣವೂ ಸಿಕ್ಕಿತು. ಗ್ರಾಮಫೋನಿನ ಒಳಗೆ ಮೂರು ಸಣ್ಣ ಲೋಹದ ಗುಂಡುಗಳು ತೆಳ್ಳನೆಯ ಪಟ್ಟಿಗಳ ಮೇಲೆ ತಿರುಗುತ್ತಿರುತ್ತವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಹಿಗ್ಗಿ ಒಂದು ಬಿಲ್ಲೆಯನ್ನು ಎಳೆದು ತೊಗಲಿನ ತುಂಡಿಗೆ ಉಜ್ಜಿಸುತ್ತವೆ. ಆ ಉಜ್ಜಾಟವೇ ಲಗಾಮು. ಹೊರಗಿನ ಸಣ್ಣ ಕಡ್ಡಿಯನ್ನು ಆಚೀಚೆ ಸರಿಸಿದರೆ ಲಗಾಮು ಬಿಗಿಯಾಗುತ್ತದೆ ಅಥವಾ ಸಡಿಲಾಗುತ್ತದೆ. 1960ರ ಸುಮಾರಿಗೆ ಸ್ಪ್ರಿಂಗು ಮುರಿದಾಗ ಅಜ್ಜ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಜೇಂದ್ರಗಡಕ್ಕೆ ಒಯ್ದಿದ್ದರು. ಅಲ್ಲಿ ನೇಕಾರರ ಓಣಿಯ ಹತ್ತಿರ ಗಡಿಯಾರ ರಿಪೇರಿ ಮಾಡುವವರೊಬ್ಬರು ಹೊಸ ಸ್ಪ್ರಿಂಗು ಕೂಡಿಸಿ, ಗುಂಡುಗಳನ್ನೂ ತಿದ್ದಿ ಕೊಟ್ಟರಂತೆ. ಅಲ್ಲಿಂದ ಮುಂದೆ ಮೂವತ್ತೆಂಟು ವರ್ಷ ಅಜ್ಜ ಕೇಳಿದ್ದು ಐದು ಸುತ್ತು ಹೆಚ್ಚಿನ ಖಾನಸಾಹೇಬರನ್ನು.

ನನಗೆ ಆಗ ಆದ ಹಿಗ್ಗನ್ನು ಹೇಗೆ ಹೇಳಲಿ! ಅರ್ಧ ಶತಮಾನದ ವ್ಯಾಜ್ಯಕ್ಕೆ ಕಾಗದದ ಚೂರೊಂದು ತೀರ್ಪು ಕೊಟ್ಟಿತ್ತು. ಎಲ್ಲರನ್ನೂ ಪಡಸಾಲೆಗೆ ಕರೆದೆ. ಕಡ್ಡಿಯನ್ನು ಸರಿಸಿ, ಎಣಿಸಿ, 78ಕ್ಕೆ ತಂದೆ. “ಅಜ್ಜಾ, ಈಗ ಕೇಳ್ರಿ. ಇದು ಖರೇ ಖಾನಸಾಹೇಬ್ರು. ಇಷ್ಟು ದಿನ ನೀವು ಕೇಳಿದ್ದು ಮಷಿನ್ನಿನ ತಪ್ಪು,” ಎಂದೆ.

ಮೂರು ನಿಮಿಷ ಯಾರೂ ಮಾತಾಡಲಿಲ್ಲ. ಅಜ್ಜ ಎಂದಿನಂತೆ ಕಂಬಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದರು. ಸಾಮಾನ್ಯವಾಗಿ ಒಂದು ಕಡೆ, ದನಿ ತಾರಷಡ್ಜಕ್ಕೆ ಹೋಗಿ ಹಿಂದಿರುಗುವಲ್ಲಿ, ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು. ಆ ಜಾಗ ಬಂದು ಹೋಯಿತು. ಕೈ ಏಳಲಿಲ್ಲ. ಸೂಜಿ ಒಳಗಿನ ಗೆರೆಯಲ್ಲಿ ಕರಕರ ಎನ್ನತೊಡಗಿದ ಮೇಲೆ ಕಣ್ಣು ತೆರೆದು, “ಇದೂ ಚಲೋ ಐತಿ, ತಮ್ಮಾ,” ಎಂದರು. “ಆದ್ರ ಇವರು ಯಾರೋ ಬ್ಯಾರೇದವರು.”

ಅಪ್ಪ ನಗಲಿಲ್ಲ. ಗೆದ್ದ ಪಕ್ಷದವರು ಅವರೇ. ಆದರೂ ನನ್ನ ಕಡೆಗೆ ಒಂದು ನೋಟ ನೋಡಿ ಎದ್ದು ಹೋದರು.

ಅಜ್ಜ ಆ ತಟ್ಟೆಯನ್ನು ಮತ್ತೆ ಹಾಕಿದ್ದನ್ನು ನಾನು ಕಾಣೆ. ಕಡ್ಡಿಯನ್ನು ಹಿಂದಕ್ಕೆ ಸರಿಸಿಕೊಳ್ಳಬಹುದಿತ್ತು, ಸರಿಸಲಿಲ್ಲ. ಮಾಸ್ತರರಲ್ಲವೇ, ತಪ್ಪೆಂದು ಗೊತ್ತಾದಮೇಲೆ ಮುಂದುವರಿಸುವುದು ಅವರಿಂದ ಆಗುತ್ತಿರಲಿಲ್ಲ. 2001ರಲ್ಲಿ ತೀರಿಕೊಂಡರು.

ತಪ್ಪು ಯಾರದೆಂಬುದು ನನಗೆ ತಿಳಿದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, ಹಳೆಯ ತಟ್ಟೆಗಳ ವಿಷಯ ಓದುತ್ತ ಹೋದಾಗ. 78 ಎಂಬುದು ಹೆಸರಿಗೆ 78. ಹಳೆಯ ಕಾಲದಲ್ಲಿ ತಟ್ಟೆ ಕೊರೆಯುವ ಯಂತ್ರಗಳೇ ಒಂದೊಂದು ಕಡೆ ಒಂದೊಂದು ವೇಗದಲ್ಲಿ ತಿರುಗುತ್ತಿದ್ದವು. ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಿಮೆ. ಮುದ್ರಿಸಿದ ವೇಗ ತಿಳಿಯದೆ ತಿರುಗಿಸುವ ವೇಗ ಸರಿಯೆಂದು ಹೇಳಬರುವಂತಿಲ್ಲ. ಇನ್ನು ನನ್ನ ಪರಮ ಪ್ರಮಾಣವಾದ ಆ ಕ್ಯಾಸೆಟ್ಟು? ಅದನ್ನು ನಾನು ಕೇಳಿಸಿದ್ದು ಅಪ್ಪನ ಹಳೆಯ ಟೇಪ್ ರಿಕಾರ್ಡರಿನಲ್ಲಿ, ಸೆಲ್ಲಿನ ಮೇಲೆ. ಸೆಲ್ಲು ಇಳಿದರೆ, ಒಳಗಿನ ರಬ್ಬರಿನ ಪಟ್ಟಿ ಸಡಿಲಾದರೆ ಅದೂ ನಿಧಾನವಾಗುತ್ತದೆಂಬುದು ಸಣ್ಣ ಹುಡುಗರಿಗೂ ಗೊತ್ತು. ಈಗ ಫೋನಿನಲ್ಲಿ ಹುಡುಕಿದರೆ ಅದೇ ಜೋಗಿಯಾದ ನಾಲ್ಕು ಪ್ರತಿಗಳು ಸಿಗುತ್ತವೆ. ಹಾರ್ಮೋನಿಯಂ ಇಟ್ಟುಕೊಂಡು ನೋಡಿದ್ದೇನೆ: ನಾಲ್ಕಕ್ಕೂ ಒಂದೇ ಶ್ರುತಿ ಇಲ್ಲ. ಖಾನಸಾಹೇಬರು ಆ ದಿನ ಯಾವ ಶ್ರುತಿಯಲ್ಲಿ ತಂಬೂರಿ ಕೂಡಿಸಿದ್ದರೆಂದು ಯಾರನ್ನು ಕೇಳುವುದು? ಅಜ್ಜನದೇ ಸರಿಯಿದ್ದಿರಲೂಬಹುದು. ಎರಡು ಯಂತ್ರಗಳನ್ನು ಹೋಲಿಸಿ ನಾನು ಒಬ್ಬ ಗವಾಯಿಯ ಮೇಲೆ ತೀರ್ಪು ಕೊಟ್ಟಿದ್ದೆ.

ದನಿ ಬದಲಾಗುವುದಕ್ಕೆ ಯಂತ್ರವೇ ಬೇಕೆಂದೂ ಇಲ್ಲ. ತರಗತಿಯಲ್ಲಿ ಒಮ್ಮೆ ಗಂಗೂಬಾಯಿ ಹಾನಗಲ್ಲರ ಎರಡು ಧ್ವನಿಮುದ್ರಿಕೆಗಳನ್ನು ಕೇಳಿಸಿದೆ. ಒಂದು 1930ರ ದಶಕದ್ದು, ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ತಟ್ಟೆಗಳು ಬರುತ್ತಿದ್ದ ಕಾಲದ್ದು: ಎಳೆಯ, ಎತ್ತರದ ಹೆಣ್ಣು ದನಿ. ಇನ್ನೊಂದು ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಭಾರವಾದ ಮೇಲಿನದು. ಇಬ್ಬರೂ ಒಬ್ಬರೇ ಎಂದರೆ ಹುಡುಗರು ನಂಬಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಎರಡರಾಗ ಖರೇ ಯಾವುದು ಸರ್?” ಎಂದಳು. ಗಂಟೆ ಹೊಡೆಯಿತು, ಉಳಿದುಕೊಂಡೆ.

ಗ್ರಾಮಫೋನು ಈಗ ರೋಣದಲ್ಲಿ ನಮ್ಮ ಮನೆಯಲ್ಲಿದೆ. ಅಪ್ಪನಿಗೆ ಎಪ್ಪತ್ತು ದಾಟಿ ಬಹಳ ದಿನವಾಯಿತು. ಭೀಮಸೇನರು 2011ರ ಜನವರಿಯಲ್ಲಿ ತೀರಿಕೊಂಡ ದಿನ ಅವರು ಊಟ ಮಾಡಲಿಲ್ಲ. ಕ್ಯಾಸೆಟ್ಟುಗಳು ಬೂಸು ಹಿಡಿದವು. ಈಗ ನನ್ನ ಫೋನಿನಲ್ಲೇ ಕೇಳುತ್ತಾರೆ, ಬೆಳಗಿನ ರಾಗವನ್ನು ರಾತ್ರಿ ಕೇಳುತ್ತಾರೆ, ರಾತ್ರಿಯದನ್ನು ಮಧ್ಯಾಹ್ನ. ಅಜ್ಜ ಇದ್ದಿದ್ದರೆ ಇದಕ್ಕೇ ಇನ್ನೊಂದು ವ್ಯಾಜ್ಯ ಹೂಡುತ್ತಿದ್ದರು. ಕಳೆದ ಚಳಿಗಾಲ ಒಂದು ಮುಂಜಾನೆ, ಹಾಸಿಗೆಯಲ್ಲೇ ಕುಳಿತು, “ಆ ಪ್ಲೇಟು ಹಚ್ಚು,” ಎಂದರು. ಯಾವುದೆಂದು ಕೇಳಬೇಕಾಗಿರಲಿಲ್ಲ.

ಧೋತರ ಬಿಚ್ಚಿದೆ. ಚಾವಿ ಕೊಟ್ಟೆ. ಕಡ್ಡಿ ನಾನು 1998ರಲ್ಲಿ ಇಟ್ಟಲ್ಲೇ ತುಕ್ಕು ಹಿಡಿದು ಕೂತಿತ್ತು. ಖಾನಸಾಹೇಬರು ಶುರುಮಾಡಿದರು. ಅಪ್ಪ ಸ್ವಲ್ಪ ಹೊತ್ತು ಕೇಳಿ ಕೈ ಆಡಿಸಿದರು. “ಹಿಂಗಲ್ಲ. ಮನ್ಯಾಗ ಕೇಳ್ತಿದ್ದಿವಲ್ಲ, ಹಂಗ ಮಾಡು.”

ಎಣ್ಣೆಯ ಹನಿ ಹಾಕಿ ಕಡ್ಡಿಯನ್ನು ನೂಕಿದೆ. ಗಡಿಯಾರ ನೋಡಲಿಲ್ಲ. ದನಿ ಮೇಲಕ್ಕೆ ಹೋಯಿತು, ತೆಳ್ಳಗಾಯಿತು, ನರಗುಂದದ ಪಡಸಾಲೆಯ ದನಿಯಾಯಿತು. ತಟ್ಟೆ ಮುಗಿಯುವವರೆಗೆ ಅಪ್ಪ ಮಾತಾಡಲಿಲ್ಲ. ನಾನು ಸೂಜಿ ಎತ್ತಿದ ಮೇಲೆ, ಹೊದಿಕೆ ಮೇಲೆಳೆದುಕೊಳ್ಳುತ್ತ, “ಏನಂದ್ರೂ ಭೀಮಣ್ಣಂದ ಜೋಗಿಯಾನ ಜೋಗಿಯಾ,” ಎಂದರು.