ಪಡಸಾಲೆಯ ಜೋಡಣೆ

ನಮ್ಮ ಸುಳಕೂಡದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹಳೆಯ ಹಂಚಿನ ಮನೆಗಳು ಇಳಿದು ಸಿಮೆಂಟಿನ ಮನೆಗಳು ಏಳುತ್ತಿವೆ. ಕಟ್ಟುವವರ ಬಾಯಲ್ಲಿ ಒಂದೇ ಮಾತು: ನಡುವೆ ಗೋಡೆ ಬೇಡ, ಕೂಡುವುದು, ಉಣ್ಣುವುದು, ಅಡಿಗೆ ಮಾಡುವುದು ಎಲ್ಲಕ್ಕೂ ಒಂದೇ ದೊಡ್ಡ ಹಾಲ್ ಇರಲಿ. ಇದು ಪಟ್ಟಣದಿಂದ ಬಂದ ಪದ್ಧತಿಯೆಂದು ಹಲವರ ತಿಳಿವಳಿಕೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಅವರು ಮನೆಯನ್ನು ಅಳೆದದ್ದು ಕೋಣೆಗಳಿಂದಲ್ಲ, ಅಂಕಣಗಳಿಂದ. ಕಂಬದಿಂದ ಕಂಬಕ್ಕೆ ಇರುವ ತೆರಪೇ ಅಂಕಣ. ನಮ್ಮ ಮರಾಠಿ ನೆರೆಯವರು ಅದನ್ನೇ ಖಣ ಎನ್ನುವರು. ಮೇಲ್ಛಾವಣಿಯ ಭಾರ ಕಂಬ ತೊಲೆಗಳ ಮೇಲಿದ್ದುದರಿಂದ ಒಳಗೋಡೆಗಳ ಅವಶ್ಯಕತೆ ಕಡಿಮೆಯಿತ್ತು. ದನ ಕಟ್ಟುವ ನೆಲ ಕೆಳಗೆ, ಪಡಸಾಲೆ ಒಂದು ಮೆಟ್ಟಿಲು ಮೇಲೆ. ಆ ಮೆಟ್ಟಿಲೇ ಗಡಿ. ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಅವರು ಶಿಕಾಗೋದಲ್ಲಿ ಕಟ್ಟಿಸಿದ, 1910ರಲ್ಲಿ ಪೂರ್ಣಗೊಂಡ ರೋಬಿ ಅವರ ಮನೆಯಲ್ಲಿ ಕೂಡುವ ಸ್ಥಳಕ್ಕೂ ಉಣ್ಣುವ ಸ್ಥಳಕ್ಕೂ ನಡುವೆ ಗೋಡೆಯ ಬದಲು ಅಗ್ಗಿಷ್ಟಿಕೆಯಿದೆ. ಅದನ್ನು ಜಗತ್ತು ಇಂದಿಗೂ ಕೊಂಡಾಡುತ್ತದೆ. ನಮ್ಮ ಪಡಸಾಲೆಗೆ ಅಂಥ ಕೀರ್ತಿ ಬರಲಿಲ್ಲ, ಅಷ್ಟೆ.

ಕೊಲ್ಲಾಪುರದ ಕಡೆ ಪಡಸಾಲೆಗೆ ಸೋಪಾ ಎಂಬ ಹೆಸರುಂಟು. ಈಗ ಸೋಪಾ ಹೋಗಿ ಸೋಫಾ ಬಂದಿದೆ. ತೊಡಕು ಹುಟ್ಟುವುದು ಇಲ್ಲಿಯೇ. ಗೋಡೆಯನ್ನೇನೋ ತೆಗೆದೆವು, ಆದರೆ ತೆರವಾದ ಸ್ಥಳವನ್ನೆಲ್ಲ ಎಂದೋ ಬರುವ ಅತಿಥಿಗಾಗಿ ಜೋಡಿಸಿ, ದಿನವೂ ಬಾಳುವವರನ್ನು ಮೂಲೆಗೆ ಸರಿಸುತ್ತೇವೆ.

ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿತು. ಸೋಫಾ ಹಿಡಿಯಬೇಕಾದರೆ ತಾಯಿಯವರ ಹೊರಸು ಹಿಂದಿನ ಕೋಣೆಗೆ ಹೋಗಬೇಕೆಂದು ಚಿರಂಜೀವಿಯ ಸಲಹೆ. ಅಲ್ಲಿ ಅವರಿಗೆ ಶಾಂತಿ ಸಿಗುವುದೆಂಬುದು ಅವನ ಒಳ್ಳೆಯ ಉದ್ದೇಶವೇ. ತಾಯಿಯವರು ಮಾತ್ರ, “ಶಾಂತಿ ತಗೊಂಡ ಏನ ಮಾಡ್ಲೆಪಾ? ಬಂದವರ ಮಾರಿ ಕಾಣಬೇಕು, ಒಲಿ ಕಾಣಬೇಕು” ಎಂದರು.

ನಾವು ಆ ಮಾತಿನಂತೆಯೇ ನಡೆದೆವು. ಕಾರಣ ಮಮತೆಯೊಂದೇ ಅಲ್ಲ. ಮೊಮ್ಮಕ್ಕಳ ಶಾಲೆ ಮರಾಠಿಯದು, ಟಿ.ವಿ. ಹಿಂದಿಯದು. ಅವರ ಕಿವಿಗೆ ಕನ್ನಡ ಬೀಳುವುದು ಮುಖ್ಯವಾಗಿ ಆ ಹೊರಸಿನಿಂದ. ಹೊರಸು ಹಿಂದಿನ ಕೋಣೆಗೆ ಸರಿದರೆ ಕನ್ನಡವೂ ಅದರ ಬೆನ್ನಹಿಂದೆ ಸರಿಯುವುದು. ಅಜ್ಜಿಯ ಮಾತು ಕೇಳಿ ಬೆಳೆದ ಮಗು ಬೇರೆ ಭಾಷೆಯ ಪಾಠಕ್ಕೂ ಹಿಂಜರಿಯುವುದಿಲ್ಲವೆಂಬುದನ್ನು ನಾವು ಶಾಲೆಯಲ್ಲಿ ಅನೇಕ ವರ್ಷ ಕಂಡಿದ್ದೇವೆ.

ಹೊರಸನ್ನು ಬಾಗಿಲೂ ಅಡಿಗೆಯ ಕಟ್ಟೆಯೂ ಕಾಣುವಂತೆ, ಆದರೆ ಗಾಳಿ ನೇರವಾಗಿ ಬಡಿಯದಂತೆ ಹಾಕಿದೆವು. ಅದರಿಂದ ಬಚ್ಚಲಿಗೆ ಹೋಗುವ ದಾರಿಯನ್ನು ಮೂರು ಅಡಿ ಅಗಲ ತೆರವಾಗಿಟ್ಟೆವು; ರಾತ್ರಿ ಎದ್ದ ಹಿರಿಯರ ಕಾಲಿಗೆ ಏನೂ ತಾಗಬಾರದು. ಹುಡುಗರ ಓದುವ ಮೇಜನ್ನು ಎಡಗಡೆಯಿಂದ ಬೆಳಕು ಬೀಳುವಂತೆ ಕಿಟಕಿಯ ಬಳಿ ಇರಿಸಿದೆವು. ಬಲಗೈಯಲ್ಲಿ ಬರೆಯುವವನ ಕೈಯ ನೆರಳು ಆಗ ಬರಹದ ಮೇಲೆ ಬೀಳದು. ಶಿಕ್ಷಕರ ತರಬೇತಿಯಲ್ಲಿ ಕಲಿತ ಈ ಪಾಠ ಮನೆಗೂ ಒದಗಿತು. ಅಡಿಗೆಗೂ ಹಾಲಿಗೂ ನಡುವೆ ಸೊಂಟದೆತ್ತರದ ಪುಸ್ತಕದ ಕಪಾಟು. ಪಾತ್ರೆ ಮರೆಯಾಗುತ್ತವೆ, ಸೊಸೆಯ ಮುಖ ಮರೆಯಾಗದು. ಮೆಣಸಿನಕಾಯಿಯ ಒಗ್ಗರಣೆಯ ಘಾಟು ಹೊರಹೋಗಲು ಒಲೆಯ ಮೇಲೊಂದು ಫ್ಯಾನು ಕೂಡಿಸಿದೆವು. ಸೋಫಾದ ಬದಲು ಎರಡು ಕುರ್ಚಿ, ಒಂದು ಜಮಖಾನೆ.

ಹಗುರವಾದ ಸಾಮಾನು ಆರಿಸಲು ಇನ್ನೊಂದು ಕಾರಣವುಂಟು. ಊರು ದೂಧಗಂಗೆಯ ದಂಡೆಯದು. 2019 ಹಾಗೂ 2021ರಲ್ಲಿ ಕೊಲ್ಲಾಪುರ ಜಿಲ್ಲೆಯನ್ನು ನಡುಗಿಸಿದ ಮಹಾಪೂರಗಳನ್ನು ಯಾರೂ ಮರೆತಿಲ್ಲ. ಇಬ್ಬರು ಎತ್ತಿ ಮೇಲೆ ಸಾಗಿಸಲಾಗದ ವಸ್ತು ನದೀತೀರದವರಿಗೆ ಭೂಷಣವಲ್ಲ, ಭಾರ.

ವಾಚಕ ಬಾಂಧವರು ಹೊಸ ಮನೆ ಕಟ್ಟಿಸುವಾಗ ಗೋಡೆಗಳನ್ನು ಸಂತೋಷದಿಂದ ತೆಗೆಯಲಿ. ಸಾಮಾನು ಕೊಳ್ಳುವ ಮೊದಲು ಮನೆಯ ಹಿರಿಯರು ಎಲ್ಲಿ ಕೂಡುವರು, ಅಲ್ಲಿಂದ ಯಾರ ಮುಖ ಕಾಣುವುದು, ಅವರ ಮಾತು ಯಾರಿಗೆ ಕೇಳುವುದು ಎಂಬುದನ್ನು ಮಾತ್ರ ಗೊತ್ತುಪಡಿಸಿಕೊಳ್ಳಲಿ. ಉಳಿದ ವಸ್ತುಗಳು ತಮ್ಮ ಸ್ಥಳವನ್ನು ತಾವೇ ಹುಡುಕಿಕೊಳ್ಳುವುವು.